ಲೆಕ್ಕ ಕೇಳದ ಲೆಕ್ಕಿಗ

ಮನೆತನದ ಕಂಪೆನಿಗಳಲ್ಲಿ ತಿಜೋರಿಯ ಕೀಲಿಕೈ ಸಾಮಾನ್ಯವಾಗಿ ಒಬ್ಬ ಹಳೆಯ ನಂಬಿಗಸ್ತನ ಬಳಿ ಇರುತ್ತದೆ. ಇಟಲಿಯ ಫ್ಲಾರೆನ್ಸ್‌ನಲ್ಲಿ 1397ರಲ್ಲಿ ಆರಂಭವಾದ ಮೆಡಿಚಿ ಕುಟುಂಬದ ಬ್ಯಾಂಕಿನಲ್ಲೂ ಅಂಥವನೊಬ್ಬನಿದ್ದ. ಅವನ ಹೆಸರು ಫ್ರಾನ್ಸೆಸ್ಕೊ ಸಾಸೆಟ್ಟಿ.

1421ರಲ್ಲಿ ಹುಟ್ಟಿದ ಸಾಸೆಟ್ಟಿ ಜಿನೀವಾ ಶಾಖೆಯಲ್ಲಿ ದುಡಿದು, ಅದರ ವ್ಯವಸ್ಥಾಪಕನಾಗಿ, ಮುಂದೆ ಇಡೀ ಬ್ಯಾಂಕಿನ ಮೇಲ್ವಿಚಾರಕನಾದ. ಪರವೂರಿನ ಶಾಖೆಗಳ ಲೆಕ್ಕಪತ್ರ ಪರಿಶೀಲಿಸುವುದು ಅವನ ಹೊಣೆ. 1469ರಲ್ಲಿ ಯಜಮಾನನಾದ ಲೊರೆಂಜೊಗೆ ರಾಜಕೀಯ, ಕಾವ್ಯಗಳಲ್ಲೇ ಹೆಚ್ಚು ಒಲವು. ವ್ಯವಹಾರವೆಲ್ಲ ಸಾಸೆಟ್ಟಿಯ ಮಾತಿನ ಮೇಲೆ ನಡೆಯಿತು.

ಸಾಸೆಟ್ಟಿಯಾದರೋ ಶಾಖಾಧಿಕಾರಿಗಳನ್ನು ಬಿಗಿಹಿಡಿಯಲಿಲ್ಲ. ಬ್ರೂಜ್ ಶಾಖೆ ಬರ್ಗಂಡಿಯ ದೊರೆ ಚಾರ್ಲ್ಸ್‌ಗೆ ಮಿತಿಮೀರಿ ಸಾಲ ಕೊಟ್ಟಿತು; 1477ರಲ್ಲಿ ದೊರೆ ಯುದ್ಧದಲ್ಲಿ ಮಡಿದ. ಸಾಸೆಟ್ಟಿಗೇ ಪಾಲಿದ್ದ ಲಿಯೋನ್ ಶಾಖೆಯಲ್ಲಿ ವಸೂಲಾಗದ ಸಾಲಗಳು ಲಾಭದ ಲೆಕ್ಕದಡಿ ಅಡಗಿದ್ದವು. 1488ರಲ್ಲಿ ಮುದುಕ ಸ್ವತಃ ಅಲ್ಲಿಗೆ ಹೋಗಬೇಕಾಯಿತು. 1490ರಲ್ಲಿ ತೀರಿಕೊಂಡ. 1494ರಲ್ಲಿ ಮೆಡಿಚಿಗಳು ಊರು ಬಿಟ್ಟಾಗ ಬ್ಯಾಂಕೂ ಮುಗಿಯಿತು.

ಯುದ್ಧ, ರಾಜಕೀಯಗಳೂ ಬ್ಯಾಂಕನ್ನು ಮುಳುಗಿಸಿದವು; ತಪ್ಪು ಅವನೊಬ್ಬನದಲ್ಲ. ಸಾಂತಾ ತ್ರಿನಿತಾ ಚರ್ಚಿನಲ್ಲಿ ಗಿರ್ಲಾಂಡಾಯೊ ಬರೆದ ಭಿತ್ತಿಚಿತ್ರದಲ್ಲಿ ಸಾಸೆಟ್ಟಿ ಇಂದಿಗೂ ಲೊರೆಂಜೊನ ಪಕ್ಕದಲ್ಲೇ ನಿಂತಿದ್ದಾನೆ. ಒಬ್ಬ ಶಾಖೆಗಳನ್ನು ನಂಬಿದ, ಇನ್ನೊಬ್ಬ ಅವನನ್ನು ನಂಬಿದ. ಪುಸ್ತಕ ಬಿಚ್ಚಿ ನೋಡುವವರೇ ಉಳಿಯಲಿಲ್ಲ.