ಪ್ರೊಸೆಕ್ಕೊ: ದ್ರಾಕ್ಷಿಯ ಹೆಸರೋ, ಊರಿನ ಹೆಸರೋ?

ಪ್ರೊಸೆಕ್ಕೊ ಅನ್ನೋ ನೊರೆ ವೈನ್ ಹೆಸರು ಕೇಳಿರ್ತೀರಿ. ಅದು ಇಟಲಿಯ ಟ್ರಿಯೆಸ್ಟೆ ಪಕ್ಕದ ಹಳ್ಳಿಯ ಹೆಸರು ಅಂತ ನನಗೆ ಗೊತ್ತಾಗಿದ್ದು ತಡವಾಗಿ. 2009ರವರೆಗೆ ದ್ರಾಕ್ಷಿ ತಳಿಗೂ ಅದೇ ಹೆಸರು. ತಳಿಯನ್ನ ಯಾರು ಎಲ್ಲಿ ಬೇಕಾದ್ರೂ ಬೆಳೀಬಹುದಲ್ವಾ? ಹೊರಗಿನವರು ಬೆಳೆದು ಅದೇ ಹೆಸರಲ್ಲಿ ಮಾರಿದ್ರೆ ತಡೆಯೋದು ಕಷ್ಟ. ಅದಕ್ಕೇ ಇಟಲಿಯವರು ತಳಿಯನ್ನ ‘ಗ್ಲೆರಾ’ ಅಂತ ಕರೆದು, ಪ್ರೊಸೆಕ್ಕೊವನ್ನ ಜಾಗದ ಹೆಸರಾಗಿ ಉಳಿಸಿಕೊಂಡ್ರು. ನಮ್ಮ ನಂಜನಗೂಡು ರಸಬಾಳೆಗೆ ಜಿಐ ಇದೆಯಲ್ಲ, ಆ ಥರ. ಇದರಲ್ಲಿ ಸ್ವಲ್ಪ ಕಿಲಾಡಿತನವೂ ಇದೆ ಅನ್ಸುತ್ತೆ ನನಗೆ: ವೈನಿನ ಬಹುಪಾಲು ತಯಾರಾಗೋದು ಆ ಹಳ್ಳಿಯಲ್ಲಲ್ಲ, ಪಕ್ಕದ ವೆನೆಟೊ ಪ್ರಾಂತ್ಯದಲ್ಲಿ! ಆಸ್ಟ್ರೇಲಿಯಾದ ಬೆಳೆಗಾರರಂತೂ ‘ಇದು ದ್ರಾಕ್ಷಿಯ ಹೆಸರೇ’ ಅಂತ ಪಟ್ಟು ಹಿಡಿದ್ರು. ಜಗಳ ಏನೇ ಇರಲಿ, ವೆನಿಸ್‌ನಲ್ಲಿ ಜನ ಬ್ರೆಡ್ ತುಂಡಿಗೆ ಕಾಡ್ ಮೀನು ಅರೆದು ಹಚ್ಚಿದ ಚಿಕೆಟ್ಟಿ ಜೊತೆ ಇದನ್ನ ಕುಡೀತಾರೆ.