ಮಣ್ಣು ಹುಟ್ಟುವ ಬಗೆ
(ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ರೈತರನ್ನುದ್ದೇಶಿಸಿ ಮಾಡಿದ ಭಾಷಣ)



ಬೀಜದ ವಿಷಯವನ್ನೂ ಗೊಬ್ಬರದ ವಿಷಯವನ್ನೂ ತಾವು ಅನೇಕಾವರ್ತಿ ಕೇಳಿರುವಿರಿ. ಅವೆರಡಕ್ಕೂ ಆಧಾರವಾದ ಮಣ್ಣು ಹೇಗೆ ಉಂಟಾಯಿತೆಂಬುದನ್ನು ಈ ದಿನ ವಿಚಾರಮಾಡೋಣ.

ಬಿಸಿಲು ಮಳೆಗಳಿಂದ ಬಂಡೆಯು ಶಿಥಿಲವಾಗಿ ಪುಡಿಯಾಗುತ್ತದೆ. ಬೇರು, ಎರೆಹುಳು, ಗೆದ್ದಲು, ಸೂಕ್ಷ್ಮಜೀವಿಗಳು ಸೇರಿ ಆ ಪುಡಿಯನ್ನು ಮಣ್ಣಾಗಿ ಮಾಡುತ್ತವೆ. ರಷ್ಯಾ ದೇಶದ ದೊಕುಚಾಯೆವ್ ಎಂಬ ವಿದ್ವಾಂಸರು ತಮ್ಮಲ್ಲಿಯ ಕಪ್ಪು ಭೂಮಿಯನ್ನು ಕುರಿತು 1883ರಲ್ಲಿ ಪ್ರಕಟಿಸಿದ ಗ್ರಂಥವು ಈ ಶಾಸ್ತ್ರಕ್ಕೆ ತಳಹದಿಯಾಯಿತು. ಮೂಲಶಿಲೆ, ಹವೆ, ಜೀವಿಗಳು, ನೆಲದ ಏರಿಳಿತ, ಕಾಲ ಎಂಬ ಐದು ಕಾರಣಗಳಿಂದ ಮಣ್ಣು ಉಂಟಾಗುವುದೆಂದು ಶಾಸ್ತ್ರಜ್ಞರು ಹೇಳುತ್ತಾರೆ. ಬೆರಳಗಲ ಮಣ್ಣಾಗಬೇಕಾದರೆ ನೂರಾರು ವರ್ಷಗಳು ಬೇಕು.

ನಮ್ಮ ಸೀಮೆಯನ್ನೇ ನೋಡಿರಿ. ಸೊರಬದ ಪಶ್ಚಿಮಕ್ಕೆ ಮಳೆ ಹೆಚ್ಚು. ಶಿಕಾರಿಪುರದ ಪೂರ್ವಕ್ಕೆ ಹೋದಂತೆಲ್ಲ ಕಡಿಮೆ. ಮಳೆ ಹೆಚ್ಚಿದ ಕಡೆ ಸುಣ್ಣ, ಪೊಟ್ಯಾಷ್ ಮೊದಲಾದ ಸಾರಗಳು ನೀರಿನಲ್ಲಿ ಬಸಿದುಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಅಂಶಗಳು ಉಳಿಯುತ್ತವೆ. ಜಂಬಿಟ್ಟಿಗೆಯು ಹೀಗೆ ಹುಟ್ಟಿದುದು. 1800-01ರಲ್ಲಿ ಮೈಸೂರು, ಕೆನರಾ, ಮಲಬಾರು ಸೀಮೆಗಳಲ್ಲಿ ಸಂಚರಿಸಿದ ಬುಕಾನನ್ ಎಂಬುವರು, 1807ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟರು. ಲ್ಯಾಟಿನ್ ಭಾಷೆಯಲ್ಲಿ ಅದರ ಮೂಲಪದಕ್ಕೆ ಇಟ್ಟಿಗೆಯೆಂದೇ ಅರ್ಥ. ನಮ್ಮ ಜನರು ಇಟ್ಟ ಹೆಸರಿನಲ್ಲಿಯೂ ಅದೇ ಮಾತಿದೆಯಲ್ಲವೇ!

ಈ ಹೆಸರಿನಲ್ಲಿಯೇ ಒಂದು ಎಚ್ಚರಿಕೆಯುಂಟು. ನೆಲದೊಳಗೆ ತೇವವಾಗಿರುವಾಗ ಜಂಬಿಟ್ಟಿಗೆಯನ್ನು ಕೊಡಲಿಯಿಂದ ಕಡಿಯಬಹುದು; ಬಿಸಿಲಿಗೆ ಬಿದ್ದರೆ ಗೋಡೆಗೆ ಯೋಗ್ಯವಾದ ಕಲ್ಲಾಗುತ್ತದೆ. ಗುಡ್ಡದ ಮೇಲಿನ ಮರವನ್ನು ಕಡಿದು, ಮೇಲ್ಮಣ್ಣು ಕೊಚ್ಚಿಹೋಗಲು ಬಿಟ್ಟರೆ, ಕೆಳಗಣ ಪದರವೂ ಹೀಗೆಯೇ ಗಟ್ಟಿಯಾಗುವುದು. ಆಮೇಲೆ ಅಲ್ಲಿ ಬೇರಿಳಿಯದು, ನೀರಿಂಗದು. 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ಸೊರಬ ತಾಲ್ಲೂಕೊಂದರಲ್ಲಿಯೇ 171 ಕಾನುಗಳನ್ನು ಎಣಿಸಿದರು. ಆ ಕಾನುಗಳ ತರಗೆಲೆಯ ಹೊದಿಕೆಯು ಮಳೆಯನ್ನು ತಡೆದು ನೆಲಕ್ಕಿಳಿಸಿ, ಕೆಳಗಣ ಹಳ್ಳಕ್ಕೂ ಗದ್ದೆಗೂ ಅಡಕೆಯ ತೋಟಕ್ಕೂ ತೇವವನ್ನು ಒದಗಿಸತಕ್ಕದ್ದು.

ಆದುದರಿಂದ ತಾವು ಮಾಡಬೇಕಾದುದಿಷ್ಟು. ಸೊಪ್ಪಿನ ಬೆಟ್ಟದ ತರಗನ್ನು ನೆಲ ಬರಿದಾಗುವಂತೆ ಬಾಚಬೇಡಿರಿ. ಇಳಿಜಾರಿನಲ್ಲಿ ಶುಂಠಿ ಹಾಕುವವರು ಪಾತಿಗಳನ್ನು ಇಳಿಜಾರಿಗೆ ಅಡ್ಡಲಾಗಿ ಮಾಡಿ, ನೆಲಕ್ಕೆ ಸೊಪ್ಪು ಹೊದಿಸಿರಿ. ತೋಟಕ್ಕೆ ಮಣ್ಣು ಹೊಡೆಯಲು ಕಾನಿನ ಕರಿಯ ಮೇಲ್ಮಣ್ಣನ್ನು ಅಗೆಯಬೇಡಿರಿ. ಕೆರೆಯ ಗೋಡನ್ನು ಬೇಸಿಗೆಯಲ್ಲಿ ಹೊಲಕ್ಕೆ ಹಿಂದಿರುಗಿಸಿರಿ. ಅದು ತಮ್ಮ ಹೊಲದಿಂದಲೇ ಹೋದ ಮಣ್ಣು. ಬಸಿದ ಮಣ್ಣು ಹುಳಿಯಾಗುವುದರಿಂದ, ಪರೀಕ್ಷೆ ಮಾಡಿಸಿ ತಕ್ಕಷ್ಟು ಸುಣ್ಣವನ್ನು ಹಾಕಿರಿ.

ಈ ಮಾತು ನಂಬಿಕೆಗೆ ಬಾರದಿದ್ದರೆ, ಹೊಸದಾಗಿ ತೋಡಿದ ಬಾವಿಯ ಬದಿಯನ್ನು ನೋಡಿರಿ. ಮೇಲೆ ಕರಿಯ ಪದರ ಎಷ್ಟು ತೆಳುವೆಂಬುದು ಕಾಣುವುದು. ನಮ್ಮೆಲ್ಲರ ಅನ್ನವು ಅಷ್ಟರಲ್ಲಿಯೇ ಇದೆ.