ಮೊದಲು ಕಲ್ಲು, ಆಮೇಲೆ ಮರಳು

ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್‌ನ ನನ್ನ ಯುವ ಗೆಳೆಯರೇ, ನಿಮ್ಮಲ್ಲಿ ಕೆಲವರು ಮನೆಯ ಅಕ್ವೇರಿಯಂನಲ್ಲಿ ಸಿಕ್ಲಿಡ್ ಮೀನು ಸಾಕಿದ್ದೀರಿ. ಇವತ್ತು ಅದರೊಳಗೆ ಕಲ್ಲು ಜೋಡಿಸುವ ಬಗ್ಗೆ ಮಾತಾಡೋಣ. “ಕಲ್ಲಿಡೋಕೂ ಭಾಷಣ ಬೇಕಾ ಆಂಟಿ?” ಅಂತ ನಗಬೇಡಿ. 55 ಗ್ಯಾಲನ್ ತೊಟ್ಟಿಯಲ್ಲಿ ನೀರೇ ಸುಮಾರು 460 ಪೌಂಡ್ ತೂಗುತ್ತದೆ. ಒಂದು ಕಲ್ಲು ಉರುಳಿ ಗಾಜು ಒಡೆದರೆ ಅಷ್ಟೂ ನೀರು ನೆಲಕ್ಕೆ. ಅಪಾರ್ಟ್‌ಮೆಂಟ್ ಆದರೆ ಕೆಳಗಿನ ಮನೆಯವರ ತಲೆಯ ಮೇಲೆ!

ಹಾಗಾದರೆ ಕಲ್ಲೇ ಬೇಡ ಅನ್ನೋಣವೇ? ಅದೂ ಆಗದು. ಅಂಗಡಿಯಲ್ಲಿ ಹೆಚ್ಚಾಗಿ ಸಿಗುವುದು ಆಫ್ರಿಕಾದ ಮಲಾವಿ ಸರೋವರದ ‘ಎಂಬುನಾ’ ಸಿಕ್ಲಿಡ್‌ಗಳು. ಅಲ್ಲಿನ ಟೋಂಗಾ ಭಾಷೆಯಲ್ಲಿ ಆ ಮಾತಿಗೆ ಬಂಡೆಮೀನು ಎಂದೇ ಅರ್ಥ. ಬಂಡೆಯ ಸಂದುಗೊಂದಿಯೇ ಅವುಗಳ ಮನೆ. ಮಹಾ ಜಗಳಗಂಟ ಮೀನುಗಳು. ಅಡಗಲು ಜಾಗವಿಲ್ಲದಿದ್ದರೆ ಬಲವಾದದ್ದು ಬಡಪಾಯಿಯನ್ನು ಅಟ್ಟಾಡಿಸಿ ಕೊಂದೇಬಿಡಬಹುದು. ಕಲ್ಲಿನ ಸಂದು ಇಲ್ಲಿ ಅಲಂಕಾರವಲ್ಲ, ಜೀವ ಉಳಿಸುವ ಮರೆ.

ಆದರೆ ಇವು ಮರಳು ತೋಡುವ ಮೀನುಗಳು. ಬಾಯಲ್ಲಿ ಮರಳು ತುಂಬಿಕೊಂಡು ಬೇರೆಡೆ ಉಗುಳುತ್ತವೆ. ನೀವು ಮರಳು ಹರಡಿ ಅದರ ಮೇಲೆ ಕಲ್ಲಿಟ್ಟರೆ, ಕೆಲವೇ ದಿನಗಳಲ್ಲಿ ಅದರ ಬುಡವೇ ಟೊಳ್ಳು. ಆದ್ದರಿಂದ ಮೊದಲು ತಳದ ಗಾಜಿನ ಮೇಲೆ ತೆಳು ಫೋಮ್ ಹಾಳೆಯನ್ನೋ ಪ್ಲಾಸ್ಟಿಕ್ ಜಾಲರಿಯನ್ನೋ ಹಾಸಿ, ಅದರ ಮೇಲೆ ದೊಡ್ಡ ಕಲ್ಲುಗಳನ್ನು ಕೂರಿಸಿ. ಮರಳು ಸುರಿಯುವುದು ಕೊನೆಗೆ.

ಜೋಡಿಸುವ ವಿದ್ಯೆ ನಮ್ಮ ಅಡುಗೆಮನೆಯಲ್ಲೂ ಅಂಗಳದಲ್ಲೂ ಇದ್ದದ್ದೇ. ಹಳ್ಳಿಯಲ್ಲಿ ಒಲೆ ಹೂಡುವಾಗ ಮೂರು ಕಲ್ಲು ಇಡುತ್ತಿದ್ದರು, ನಾಲ್ಕಲ್ಲ. ಮೂರರ ಮೇಲೆ ಕೂತದ್ದು ಅಲುಗಾಡುವುದಿಲ್ಲ. ನಿಮ್ಮ ಒಂದೊಂದು ಕಲ್ಲೂ ಕೆಳಗಿನದರ ಮೇಲೆ ಮೂರು ಕಡೆ ಊರಿರಲಿ. ಲಗೋರಿ ಆಡಿದ್ದೀರಲ್ಲ? ಅಗಲವಾದದ್ದು ಕೆಳಗೆ, ಚಿಕ್ಕದು ಮೇಲೆ. ಲಗೋರಿ ಇರುವುದು ಬೀಳಲಿಕ್ಕೆ, ಇದು ನಿಲ್ಲಲಿಕ್ಕೆ. ಆದ್ದರಿಂದ ತೀರಾ ಎತ್ತರಕ್ಕೆ ಹೋಗದೆ ಮೆಟ್ಟಿಲಿನಂತೆ ಹಿಂದಕ್ಕೆ ಸರಿಸುತ್ತ ಏರಿಸಿ. ಗಾಜಿಗೆ ಒರಗಿಸಬೇಡಿ, ನಡುವೆ ಸ್ವಲ್ಪ ಜಾಗ ಬಿಡಿ. ಅನುಮಾನವಿರುವ ಕಲ್ಲನ್ನು ಅಕ್ವೇರಿಯಂಗೆಂದೇ ಮಾರುವ ಸಿಲಿಕೋನ್‌ನಿಂದ ಅಂಟಿಸಿ, ಪೂರ್ತಿ ಒಣಗಲು ಬಿಡಿ.

ಇನ್ನೊಂದು ಮಾತು. ನೀರಿನೊಳಗೆ ಗಟ್ಟಿ ಸುಣ್ಣದಕಲ್ಲು ತನ್ನ ತೂಕದ ಸುಮಾರು ಐದರಲ್ಲಿ ಎರಡು ಪಾಲು ಕಳೆದುಕೊಳ್ಳುತ್ತದೆ. ಶಾಲೆಯಲ್ಲಿ ಓದಿದ ಆರ್ಕಿಮಿಡೀಸ್ ಇಲ್ಲೂ ಬರುತ್ತಾನೆ! ಖಾಲಿ ತೊಟ್ಟಿಯಲ್ಲಿ ಭಾರಕ್ಕೆ ಕಚ್ಚಿಕೊಂಡಿದ್ದ ಕಲ್ಲು ನೀರಿನಲ್ಲಿ ಮೀನು ಗುದ್ದಿದರೂ ಸರಿದೀತು. ಅದಕ್ಕೇ ನೀರು ತುಂಬುವ ಮೊದಲು ಕೈಯಿಂದ ಚೆನ್ನಾಗಿ ತಳ್ಳಿ ನೋಡಿ. ಅಲುಗಿದರೆ ಬಿಚ್ಚಿ, ಮತ್ತೆ ಕಟ್ಟಿ.

ಕಲ್ಲಿಗೆ ದೂರ ಹೋಗಬೇಕಿಲ್ಲ. ಆಸ್ಟಿನ್‌ನ ಪಶ್ಚಿಮಕ್ಕೆ ಹಬ್ಬಿರುವ ಎಡ್ವರ್ಡ್ಸ್ ಪ್ರಸ್ಥಭೂಮಿಯ ತೂತುತೂತಿನ ಸುಣ್ಣದಕಲ್ಲು ‘ಟೆಕ್ಸಸ್ ಹೋಲಿ ರಾಕ್’ ಎಂದೇ ಹೆಸರುವಾಸಿ. ಅದು ನೀರನ್ನು ಗಡಸು ಮಾಡುತ್ತದೆ. ಮಲಾವಿಯ ಮೀನಿಗೆ ಅದೇ ಹಿತ, ಮೆದು ನೀರಿನ ಮೀನಿಗಲ್ಲ. ಸ್ಟೇಟ್ ಪಾರ್ಕ್‌ನಿಂದ ಮಾತ್ರ ಎತ್ತಿಕೊಂಡು ಬರಬೇಡಿ, ಅದು ನಿಯಮಕ್ಕೆ ವಿರುದ್ಧ. ಅಂಗಡಿಯಲ್ಲಿ ಕೊಳ್ಳಿ.

ಅಂದಹಾಗೆ, ಸಿಕ್ಲಿಡ್ ನಮಗೆ ಎರಡೂ ಕಡೆಯಿಂದ ನೆಂಟ. ಅಮೆರಿಕಕ್ಕೆ ಮೂಲದ್ದಾದ ಒಂದೇ ಸಿಕ್ಲಿಡ್ ಟೆಕ್ಸಸ್‌ನ ರಿಯೋ ಗ್ರಾಂಡೆ ಸಿಕ್ಲಿಡ್. ದಕ್ಷಿಣ ಕನ್ನಡದ ನದಿಗಳಲ್ಲಿರುವುದು ಎಟ್ರೋಪ್ಲಸ್ ಕೆನರೆನ್ಸಿಸ್. ಅದರ ಹೆಸರಿನಲ್ಲಿರುವ ‘ಕೆನರಾ’ ನಮ್ಮ ಕರಾವಳಿಯೇ.

ಈ ವಾರ ಊರಿಗೆ ಫೋನ್ ಮಾಡಿದಾಗ, ಗಾರೆಯಿಲ್ಲದ ಕಾಡುಗಲ್ಲಿನ ಗೋಡೆ ಹೇಗೆ ನಿಲ್ಲುತ್ತದೆ ಎಂದು ಅಜ್ಜನನ್ನೋ ಅಜ್ಜಿಯನ್ನೋ ಕೇಳಿ. ಸಂದಿಗೆ ಚಕ್ಕೆ ಹೊಡೆಯುವುದು ಹೇಗೆಂದು ಅವರು ಹೇಳಿಯಾರು. ಅದನ್ನು ತೊಟ್ಟಿಯಲ್ಲಿ ಮಾಡಿ ನೋಡಿ, ಫೋಟೋ ತೆಗೆದು ಅವರಿಗೂ ಕಳಿಸಿ.